ಕಂಬದ ನಂಬರು ಓದುವ ಮಗಳು

ಯಸಳೂರು,
ಭಾನುವಾರ, 1 ಡಿಸೆಂಬರ್ 2024

ಪ್ರೀತಿಯ ನವ್ಯಾ,

ಹೇಗಿದ್ದೀಯ? ಹೊಸ ಕ್ಯಾಂಪಿನ ನೀರು ಒಗ್ಗಿತೇ? ಮಂಡಿ ನೋವು ಕಡಿಮೆಯಾಯಿತೇ, ಇಲ್ಲ ನನಗೆ ಹೇಳದೆ ನುಂಗಿಕೊಂಡು ಗಸ್ತು ತಿರುಗುತ್ತಿದ್ದೀಯಾ? ಛತ್ತೀಸಗಡದಲ್ಲಿ ಚಳಿ ಜಾಸ್ತಿ ಎಂದು ಟಿ.ವಿ.ಯಲ್ಲಿ ಕೇಳಿದ ದಿನದಿಂದ ಅವ್ವ ನಿನಗೊಂದು ಕಂಬಳಿ ಕಳಿಸು ಎಂದು ನನ್ನ ಪ್ರಾಣ ತಿನ್ನುತ್ತಿದ್ದಾಳೆ. ಸಿ.ಆರ್.ಪಿ.ಎಫ್.ನವರು ಕಂಬಳಿ ಕೊಟ್ಟಿರುತ್ತಾರೆ ಎಂದರೆ ನಂಬುವುದಿಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ವಾರಕ್ಕೊಮ್ಮೆ ಸಿಗುವ ನಿನ್ನ ಫೋನು ‘ಕೇಳಿಸ್ತಾ, ಕೇಳಿಸ್ತಾ’ ಎನ್ನುವುದರಲ್ಲೇ ಮುಗಿದುಹೋಗುತ್ತದೆ. ಹೇಳಬೇಕಾದದ್ದು ಬಹಳ ಇರುವುದರಿಂದ ಕಾಗದ ಹಿಡಿದು ಕೂತಿದ್ದೇನೆ. ಕರೆಂಟು ಕಂಬ ಹತ್ತುವವನ ಅಕ್ಷರ, ಸೊಟ್ಟಗಿದ್ದರೆ ಬೈಯಬೇಡ.

ಮೊದಲು ನಿನ್ನಿಂದ ಮುಚ್ಚಿಟ್ಟಿದ್ದ ಒಂದು ಸಂಗತಿ. ಆಗಸ್ಟ್ ತಿಂಗಳಲ್ಲಿ ನಮ್ಮ ಕೂಸು ಚೈತ್ರ ಆ ಇಂಗ್ಲಿಷ್ ಶಾಲೆಯಿಂದ ತಪ್ಪಿಸಿಕೊಂಡಿದ್ದಳು. ಸ್ವಾತಂತ್ರ್ಯ ದಿನದ ಹಾಡು ಕಲಿಸಲು ಧ್ವನಿವರ್ಧಕ ಹಾಕಿದ್ದರಂತೆ. ಕಿವಿ ಮುಚ್ಚಿಕೊಂಡು ಗೇಟಿನಿಂದ ಓಡಿದವಳು ಯಾರ ಕಣ್ಣಿಗೂ ಬೀಳಲಿಲ್ಲ. ನಾನು ಆಗ ಕಂಬದ ಮೇಲಿದ್ದೆ. ನನ್ನ ಜೊತೆ ಕೆಲಸ ಮಾಡುವ ಮಹೇಶ್ ಬೈಕಿನಲ್ಲಿ ಸಕಲೇಶಪುರದ ರಸ್ತೆಯಲ್ಲಿ ಹುಡುಕುತ್ತಾ ಹೋದಾಗ ಎರಡು ಕಿಲೋಮೀಟರ್ ಆಚೆ ಸಿಕ್ಕಿದಳು. ಒಂದೊಂದೇ ಲೈಟುಕಂಬದ ಮುಂದೆ ನಿಂತು, ಅದರ ಮೇಲೆ ಬರೆದ ನಂಬರನ್ನು ಓದಿ, ಮುಂದಿನ ಕಂಬಕ್ಕೆ ಹೋಗುತ್ತಿದ್ದಳಂತೆ. ಪಕ್ಕದಲ್ಲೇ ಮರದ ಲಾರಿಗಳು ಹೋಗುತ್ತಿದ್ದವು. ಮಹೇಶ್ ಅವಳ ಹಿಂದೆಯೇ ನಾಲ್ಕು ಕಂಬ ನಡೆದು, ತಾನೂ ನಂಬರು ಓದಿ, ಆಮೇಲೆ ಬೈಕು ಹತ್ತಿಸಿಕೊಂಡನಂತೆ. ಎಷ್ಟು ಬುದ್ಧಿವಂತ ನೋಡು, ಹಿಡಿದೆಳೆದಿದ್ದರೆ ಅವಳು ರಸ್ತೆಗೇ ಹಾರುತ್ತಿದ್ದಳು.

ಮರುದಿನ ಶಾಲೆಯವರು ಕರೆಸಿ, ನಿಮ್ಮ ಮಗು ನಮ್ಮಲ್ಲಿ ಹೊಂದಿಕೊಳ್ಳುವುದಿಲ್ಲ, ಬೇರೆ ಕಡೆ ನೋಡಿಕೊಳ್ಳಿ ಎಂದರು. ಹೊರಗೆ ಬಂದು ಬೈಕು ಹತ್ತುವಾಗ ನಿನ್ನ ಮಾತು ನೆನಪಾಯಿತು. ಎರಡು ವರ್ಷದಿಂದ ನೀನು ಹೇಳುತ್ತಲೇ ಇದ್ದೆ, ಡಾಕ್ಟರಿಗೆ ತೋರಿಸೋಣ ಎಂದು. ಚಿಕ್ಕವನಿದ್ದಾಗ ನನಗೂ ಮಾತು ತಡವಾಗಿಯೇ ಬಂತು ಎಂದು ಅವ್ವ ಅಂದರೆ ಅದೇ ಸರಿ ಎಂದುಕೊಂಡಿದ್ದೆ. ಅವ್ವ ಇನ್ನೊಂದು ಮಾತನ್ನೂ ಆಡುತ್ತಿದ್ದಳು, ನಿನ್ನ ಮುಖಕ್ಕೇ ಆಡಿದ್ದಳು. ತಾಯಿ ಹತ್ತಿರ ಇಲ್ಲದ್ದಕ್ಕೇ ಮಗು ಹೀಗಾಗಿದೆ ಎಂದು. ಆಗ ನಾನು ಅಡ್ಡ ಬರಲಿಲ್ಲ. ಅದು ನನ್ನ ತಪ್ಪು.

ಸೆಪ್ಟೆಂಬರಿನಲ್ಲಿ ಹಾಸನದ ಜಿಲ್ಲಾ ಆಸ್ಪತ್ರೆಗೆ ಹೋದೆವು. ಮಗು ನನ್ನೊಬ್ಬನ ಹತ್ತಿರ ಬಸ್ಸಿನಲ್ಲಿ ಕೂರುವುದಿಲ್ಲವಾದ್ದರಿಂದ ಅವ್ವನೂ ಬಂದಳು. ಮೊದಲ ದಿನ ಕಿವಿ ಕೇಳುತ್ತದೆಯೇ ಎಂದು ಪರೀಕ್ಷೆ. ಕಿವಿ ಚೆನ್ನಾಗಿದೆ. ಎರಡನೆಯ ಸಲ ಮೆಹರೀನ್ ಎಂಬ ಮನಶ್ಶಾಸ್ತ್ರಜ್ಞೆ ನೋಡಿದರು, ನಮ್ಮ ಸಕಲೇಶಪುರದವರೇ. ಚೈತ್ರಳ ಜೊತೆ ನೆಲದ ಮೇಲೆ ಒಂದು ಗಂಟೆ ಆಡಿದರು. ಆಮೇಲೆ ನಮ್ಮನ್ನು ಕೂರಿಸಿ ಪ್ರಶ್ನೆ ಕೇಳಿದರು. ಬೇಕಾದ್ದನ್ನು, ಕಂಡದ್ದನ್ನು ಬೆರಳಿಂದ ತೋರಿಸುತ್ತಾಳಾ, ಎಷ್ಟು ತಿಂಗಳಿಗೆ ಹೆಸರು ಕರೆದರೆ ತಿರುಗಿದಳು, ಯಾವ ಊಟ ಮುಟ್ಟುವುದಿಲ್ಲ, ಯಾವ ಬಟ್ಟೆ ಕಿತ್ತು ಹಾಕುತ್ತಾಳೆ. ನವ್ಯಾ, ನನಗೆ ಅರ್ಧಕ್ಕರ್ಧ ಗೊತ್ತಿರಲಿಲ್ಲ. ಎಲ್ಲಕ್ಕೂ ಉತ್ತರ ಕೊಟ್ಟವಳು ಅವ್ವ. ಏನೂ ಆಗಿಲ್ಲ ಎಂದು ಹಟ ಹಿಡಿದವಳು ಇಷ್ಟು ವರ್ಷ ಎಲ್ಲವನ್ನೂ ಕಂಡಿದ್ದಾಳೆ.

ಆಟಿಸಂ ಎಂದು ಬರೆದುಕೊಟ್ಟರು. ಇದು ಔಷಧಿಯಿಂದ ವಾಸಿಮಾಡುವ ಕಾಯಿಲೆಯಲ್ಲ, ಅವಳು ಲೋಕವನ್ನು ಕೇಳುವ, ನೋಡುವ ರೀತಿಯೇ ಬೇರೆ, ಅದಕ್ಕೆ ತಕ್ಕ ಹಾಗೆ ಕಲಿಸಿದರೆ ಕಲಿಯುತ್ತಾಳೆ ಎಂದರು. ಅವ್ವ ಸೆರಗು ಸುತ್ತಿಕೊಳ್ಳುತ್ತಾ ಕೂತಿದ್ದಳು. ಕೊನೆಗೆ ಕೇಳಿಯೇಬಿಟ್ಟಳು:

“ಅವರವ್ವ ಮಿಲಿಟ್ರಿಲಿ ದೂರ ಐತೆ ಮೇಡಂ. ಅದುಕ್ಕೇ ಹಿಂಗಾತಾ?”

“ಇಲ್ಲಮ್ಮ. ಇದು ಹುಟ್ಟಿನಿಂದಲೇ ಬಂದದ್ದು. ತಾಯಿ ದಿನಾ ಪಕ್ಕದಲ್ಲಿದ್ದಿದ್ದರೂ ಹೀಗೇ ಇರುತ್ತಿದ್ದಳು. ಯಾರ ತಪ್ಪೂ ಇಲ್ಲ.”

ವಾಪಸು ಬರುವಾಗ ಅವ್ವ ಆಲೂರು ದಾಟುವವರೆಗೂ ಕಿಟಕಿಯ ಆಚೆಗೇ ನೋಡುತ್ತಿದ್ದಳು. ಮಗು ಅವಳ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದಳು: “ಆ ಹೆಣ್ಮಗೀಗೆ ಅನ್ಬಾರದ ಮಾತು ಅಂದ್ಬುಟ್ಟೆ ಕಣೋ.” ಅವಳ ಕೈ ಹಿಡಿದುಕೊಂಡೆ. ಹಾಗೆ ಹಿಡಿದು ಎಷ್ಟು ವರ್ಷವಾಗಿತ್ತೋ.

ಈಗ ಶಾಲೆಯ ಸುದ್ದಿ. ನಮ್ಮ ಸರ್ಕಾರಿ ಶಾಲೆಯ ರುದ್ರಯ್ಯ ಮೇಷ್ಟರ ಬಳಿ ವರದಿ ಹಿಡಿದು ಹೋದಾಗ ಇವರೂ ಬೇಡವೆಂದರೆ ಎಲ್ಲಿಗೆ ಹೋಗುವುದು ಎಂಬ ಭಯವಿತ್ತು. ಅವರು ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಓದಿದರು. “ಇಂಥ ಮಗೀಗೆ ಹೆಂಗೆ ಹೇಳ್ಕೊಡ್ಬೇಕು ಅಂತ ನಂಗೆ ಗೊತ್ತಿಲ್ಲಪ್ಪ ದೇವೇಂದ್ರ. ಗೊತ್ತಿರೋರ್ನ ಕರ್ಸನ. ನೀನು ನಾಳೆಯಿಂದ ಕಳ್ಸು” ಎಂದರು. ತಾಲ್ಲೂಕಿಗೆ ಅರ್ಜಿ ಬರೆದು, ವಿಶೇಷ ಮಕ್ಕಳ ಶಿಕ್ಷಕಿಯೊಬ್ಬರನ್ನು ಕರೆಸಿದರು. ಅವರು ಗುರುವಾರ ಗುರುವಾರ ಬರುತ್ತಾರೆ. ಪ್ರಾರ್ಥನೆ, ಲೆಕ್ಕ, ಊಟ, ಆಟ, ಮನೆ, ಹೀಗೆ ದಿನದ ಚಿತ್ರಗಳನ್ನು ಒಂದು ರಟ್ಟಿಗೆ ಅಂಟಿಸಿದ್ದಾರೆ. ಮುಂದೆ ಏನು ಎಂದು ಗೊತ್ತಾದರೆ ಚೈತ್ರಳಿಗೆ ಗಾಬರಿಯಿಲ್ಲ. ಗಂಟೆ ಹೊಡೆಯುವ ಮೊದಲು ಟೀಚರ್ ಕೆಂಪು ಚೀಟಿ ತೋರಿಸುತ್ತಾರೆ, ಅವಳು ಕಿವಿ ಮುಚ್ಚಿಕೊಂಡು ಕಾಯುತ್ತಾಳೆ. ತಲೆ ಕೆಟ್ಟಂತಾದರೆ ಹೋಗಿ ಕೂರಲು ಪುಸ್ತಕದ ಬೀರುವಿನ ಹಿಂದೆ ಒಂದು ಚಾಪೆ ಇದೆ. ಗೇಟಿಗೆ ಚಿಲಕ ಬಂದಿದೆ. ಕೂಡುವ ಲೆಕ್ಕವನ್ನು ಕಂಬದ ನಂಬರುಗಳಲ್ಲೇ ಹೇಳಿಕೊಡುತ್ತಿದ್ದಾರೆ, ಅದರಲ್ಲಿ ಅವಳೇ ತರಗತಿಗೆ ಮುಂದು.

ಎಲ್ಲ ದಿನವೂ ಹೀಗೇ ಎಂದು ತಿಳಿಯಬೇಡ. ಮೊನ್ನೆ ಬಿಸಿಯೂಟದ ಪಲಾವ್ ನೋಡಿ ತಟ್ಟೆ ಎಸೆದಳು. ಒಬ್ಬಳಿಗೆ ಕಚ್ಚಿದಳು, ಆ ಮಗುವಿನ ತಾಯಿಯ ಬೈಗುಳ ನಾನು ಕೇಳಿಸಿಕೊಂಡೆ. ಆದರೆ ಕಳೆದ ಬುಧವಾರ ನಾನು ಕರೆದುಕೊಂಡು ಬರಲು ಹೋದಾಗ, ನನ್ನ ಅಂಗಿ ಹಿಡಿದೆಳೆದು, ಗೇಟಿನೆದುರಿನ ಕಂಬವನ್ನು ಬೆರಳಿಂದ ತೋರಿಸಿ, ನನ್ನ ಮುಖ ನೋಡಿದಳು. ಅದೇ, ಮೆಹರೀನ್ ಮೇಡಂ ಕೇಳಿದ್ದ ಬೆರಳು. “ಅಪ್ಪ, ನೂರಾ ಹದಿನಾಲ್ಕು” ಎಂದಳು. ತಾನು ಕಂಡದ್ದನ್ನು ನಾನೂ ಕಾಣಲಿ ಎಂದು ಅವಳು ತೋರಿಸಿದ್ದು ಇದೇ ಮೊದಲು. ದಿನಾ ಹತ್ತುವ ಕಂಬವನ್ನು ನಾನು ಅವತ್ತು ನಿಂತು ನೋಡಿದೆ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಜೊತೆಯ ಹುಡುಗಿಯರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ನಿನ್ನವನೇ ಆದ,
ದೇವೇಂದ್ರ

ಮರೆತ ಮಾತು: ನೀನು ಕೆಲಸ ಬಿಡುವ ಅರ್ಜಿ ಬರೆದಿಟ್ಟಿದ್ದೀಯ ಎಂದು ನಿನ್ನಣ್ಣ ಸಂಜಯ್ ಹೇಳಿದ. ಕೊಡಬೇಡ. ನಿನಗೇ ಸಾಕಾಗಿದ್ದರೆ ನಾಳೆಯೇ ಬಾ, ಬಾಗಿಲು ತೆರೆದಿರುತ್ತದೆ. ಆದರೆ ಏನೋ ತಪ್ಪು ಮಾಡಿದ್ದೇನೆ, ತೀರಿಸಬೇಕು ಎಂದುಕೊಂಡು ಬರಬೇಡ. ಇದನ್ನು ಬರೆದೆಯಾ ಇಲ್ಲವಾ ಎಂದು ಅವ್ವ ಅಡುಗೆಮನೆಯಿಂದ ಮೂರನೆಯ ಸಲ ಕೇಳುತ್ತಿದ್ದಾಳೆ. ಬರೆ ಎಂದು ಹೇಳಿದ್ದು ಅವಳೇ.