ದೂರು ಕೊಡದ ಬೀದಿ

ಮನೆಯಿಂದ, ಜೂನ್ ಏಳು, ಭಾನುವಾರ ಬೆಳಗ್ಗೆ

ಪ್ರೀತಿಯ ಚಿಕ್ಕಮ್ಮಾ,

ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಯಿತು, ಹೇಗಿದ್ದೀಯ? ಹೊತ್ತು ಹೊತ್ತಿಗೆ ಔಷಧಿ ಹಾಕಿಸಿಕೊಳ್ಳುತ್ತಿದ್ದೀಯೋ, ಇಲ್ಲ ಮಗಳ ಮೇಲೂ ನಿನ್ನ ಹಳೇ ನರ್ಸ್ ಗತ್ತು ತೋರಿಸುತ್ತಿದ್ದೀಯೋ? ಈ ಪತ್ರವನ್ನು ಅವಳ ಕೈಯಲ್ಲೇ ಓದಿಸು. ಕದ್ದು ಓದಬೇಡ.

ನಗರಸಭೆ ಕಚೇರಿಯಲ್ಲಿ ಈ ಸಲ ನನ್ನ ತಲೆ ಮೇಲೆ ದೊಡ್ಡ ಕೆಲಸ ಬಿತ್ತು. ಮಳೆ ನೀರು ನುಗ್ಗುವ ಬೀದಿಗಳು ಊರಲ್ಲಿ ಹನ್ನೊಂದು. ಚರಂಡಿ ಅಗಲ ಮಾಡಿ ಪಂಪು ಕೂರಿಸುವುದು ಈ ವರ್ಷ ಮೂರಕ್ಕೆ ಮಾತ್ರ. ಆರಿಸಬೇಕಾದವಳು ನಾನು. ಬಂದ ದೂರುಗಳನ್ನು ಎಣಿಸಿ ಪಟ್ಟಿ ಮಾಡಿದೆ. ಕಾಲುವೆ ಹಿಂದಿನ ಲಾಂಡ್ರಿ ಬೀದಿ ಕಟ್ಟಕಡೆಗೆ ಹೋಯಿತು. ಐದು ವರ್ಷದಲ್ಲಿ ಅಲ್ಲಿಂದ ಒಂದೂ ದೂರಿಲ್ಲ. ಸಹಿ ಹಾಕಲು ಪೆನ್ನು ಎತ್ತಿದವಳಿಗೆ ನೀನು ನೆನಪಾದೆ. ಮಕ್ಕಳ ವಾರ್ಡಿನಲ್ಲಿ ಹೊಸ ಹುಡುಗಿಯರಿಗೆ ಹೇಳುತ್ತಿದ್ದೆಯಲ್ಲ, "ಅಳ್ತಿರೋದಕ್ಕೆ ಉಸಿರಿದೆ ಕಣ್ರೇ, ಸುಮ್ನೆ ಮಲಗಿರೋದನ್ನ ಮೊದಲು ನೋಡಿ" ಅಂತ. ಪೆನ್ನು ಕೆಳಗಿಟ್ಟು ಹೊರಟೆ.

ಏನು ಹೇಳಲಿ ಚಿಕ್ಕಮ್ಮಾ, ಆ ಬೀದಿಯಲ್ಲಿ ಒಂದು ಮಂಚವೂ ನೆಲದ ಮೇಲಿಲ್ಲ. ಎಲ್ಲದರ ಕಾಲಿಗೂ ಮೂರು ಮೂರು ಇಟ್ಟಿಗೆ. ಇಸ್ತ್ರಿ ಮಾಡುತ್ತಿದ್ದ ಹೆಂಗಸೊಬ್ಬಳು ಗೋಡೆಯ ಮೇಲೆ ತನ್ನ ಎದೆಮಟ್ಟಕ್ಕಿದ್ದ ನೀರಿನ ಗೆರೆ ತೋರಿಸಿ, ಹೋದ ವರ್ಷದ್ದು ಎಂದಳು. ದೂರು ಯಾಕೆ ಕೊಡಲಿಲ್ಲ ಎಂದು ಕೇಳಿದರೆ ನಕ್ಕುಬಿಟ್ಟಳು. "ಕೊಟ್ರೆ ಈ ಮನೆ ವಾಸಕ್ಕೆ ಲಾಯಕ್ಕಿಲ್ಲ ಅಂತ ಬರೆದು ಖಾಲಿ ಮಾಡಿಸ್ತಾರೆ ಮೇಡಂ. ಅದಕ್ಕೇ ಎಲ್ಲಾ ಬಾಯಿ ಮುಚ್ಕೊಂಡಿದೀವಿ." ನಾಚಿಕೆಯಿಂದ ನನ್ನ ಮುಖ ಸಣ್ಣದಾಯಿತು.

ಮರುದಿನ ಸಾಹೇಬರ ಮುಂದೆ ಎಲ್ಲ ಹೇಳಿದೆ. "ಇದನ್ನ ಸೇರಿಸಿದ್ರೆ ಮೂರರಲ್ಲಿ ಯಾವುದನ್ನ ತೆಗೀತೀಯಮ್ಮಾ?" ಎಂದರು. ಹೇಳಿದೆ. ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಆಮೇಲೆ ಸಹಿ ಹಾಕಿದರು. ಅಲ್ಲಿನ ಒಂದು ಮನೆಯನ್ನೂ ಖಾಲಿ ಮಾಡಿಸುವುದಿಲ್ಲ ಎಂದು ಕೆಳಗೆ ತಾವೇ ಬರೆದರು. ಗುರುವಾರ ಕೆಲಸ ಶುರುವಾಯಿತು. ಆ ಹೆಂಗಸು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಅದು ನಿನಗೆ ಸಲ್ಲಬೇಕಾದದ್ದು, ಚಿಕ್ಕಮ್ಮಾ. ಅಮ್ಮ ಹೋದ ಮೇಲೆ ನಿನ್ನ ಕೈಯಲ್ಲಿ ಬೆಳೆದೆನಲ್ಲ, ಅದೇ ನನ್ನ ಪುಣ್ಯ.

ತಂಗಿಗೆ ನೆನಪು, ನಿನಗೆ ನಮಸ್ಕಾರ.

ನಿನ್ನ
ದೊಡ್ಡ ಹುಡುಗಿ

ತಾ.ಕ.: ಪಟ್ಟಿಯಿಂದ ತೆಗೆದದ್ದು ನಮ್ಮ ಬೀದಿಯನ್ನು. ನಮಗೆ ಮಹಡಿಯಿದೆ, ಅವರಿಗಿಲ್ಲ. ನಿನ್ನ ಕೋಣೆಯ ಸಾಮಾನೆಲ್ಲ ಮೇಲಕ್ಕೆ ಸಾಗಿಸಿದ್ದೇನೆ. ಎದುರುಮನೆ ಮೇಷ್ಟ್ರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರು ನಿನಗೆ ಫೋನ್ ಮಾಡುವ ಮೊದಲು ನಾನೇ ಹೇಳಿಬಿಡುತ್ತಿದ್ದೇನೆ. ಮನೆ ನಿನ್ನದು, ನಿನ್ನನ್ನು ಒಂದು ಮಾತು ಕೇಳಲಿಲ್ಲ. ಬೈಯುವುದಿದ್ದರೆ ಬೇಗ ಬಂದು ಬೈ.