ಎಡಬಾಗಿಲ ಮೆಟ್ಟಿಲು

ಮಾರ್ಚ್ 3, ಭಾನುವಾರ

ಬೆಳಿಗ್ಗೆಯೇ ಶೆಡ್ಡಿಗೆ. ಹಿಂದಿನ ಎಡ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದೆ. ಒಳಗೆ ಇಲಿಯ ಗೂಡು, ಖಾಲಿ. ಕೆಲವು ನಟ್ಟು ಜಪ್ಪಯ್ಯ ಅಂದರೂ ಬರಲಿಲ್ಲ. ಡೀಸೆಲ್ ಹಾಕಿ ನೆನೆಯಲು ಬಿಟ್ಟಿದ್ದೇನೆ.

ಲಾರಿ ಮಾವನವರದು. ಸೈನ್ಯದ ಹರಾಜಿನಲ್ಲಿ ಕೊಂಡು, ಬದುಕಿಡೀ ಮರಳು, ಮರ, ಸಿಮೆಂಟು ಸಾಗಿಸಿದರು. ತಮಗಿಂತ ವಯಸ್ಸಿನಲ್ಲಿ ದೊಡ್ಡದೆಂದು ಅದನ್ನು ‘ದೊಡ್ಡಣ್ಣ’ ಎನ್ನುತ್ತಿದ್ದರಂತೆ. ಅವರು ಹೋದ ಮೇಲೆ ಅತ್ತೆ ನಮ್ಮ ಮನೆಗೆ ಬಂದರು. ತಂದ ಸಾಮಾನು: ಎರಡು ಪೆಟ್ಟಿಗೆ, ಒಂದು ಲಾರಿ. ಅಂದಿನಿಂದ ಹಿತ್ತಲ ತಗಡಿನ ಕೆಳಗೆ ತುಕ್ಕು ತಿನ್ನುತ್ತ ನಿಂತಿತ್ತು.

ನವೆಂಬರಿನಲ್ಲಿ ಹಳೆ ವಾಹನಗಳ ಕ್ಲಬ್ಬಿನ ಪ್ರದರ್ಶನ. ಅಷ್ಟರೊಳಗೆ, ಸೈನ್ಯದಲ್ಲಿ ಹೇಗಿತ್ತೋ ಹಾಗೆಯೇ ಆಗಬೇಕು. ಕೈಪಿಡಿಯ ಜೆರಾಕ್ಸ್ ಸಿಕ್ಕಿದೆ. ಅತ್ತೆಯ ಒಪ್ಪಿಗೆ ಕೇಳಿದೆ.

“ಮಾಡಿ ಅಳಿಯಂದ್ರೇ. ಓಡೋ ಹಾಗಾದ್ರೆ ನನ್ನನ್ನೂ ಒಂದು ಸುತ್ತು ಕೂರಿಸ್ಕೊಂಡು ಹೋಗಿ. ನನ್ನ ಜಾಗ ಎಡಗಡೆ.”

ಮಾತು ಕೊಟ್ಟೆ.

ಮಾರ್ಚ್ 24, ಭಾನುವಾರ

ಬಣ್ಣ ಕೆರೆಯುವ ಕೆಲಸ. ಮೇಲೆ ನೀಲಿ. ಅದರಡಿ ಹಳದಿ. ಅದರಡಿ ಇನ್ನೊಂದು ನೀಲಿ. ಕೊನೆಗೆ ಹಸಿರು — ಮಂಕಾದ, ಹೊಳಪಿಲ್ಲದ, ನಿಜವಾದ ಹಸಿರು. ಬಾನೆಟ್ಟಿನ ಪಕ್ಕ ಬಿಳಿ ಅಂಕಿಗಳ ಗುರುತು ಕೂಡ. ಅಂಕಿಗಳನ್ನು ಟ್ರೇಸಿಂಗ್ ಹಾಳೆಗೆ ಇಳಿಸಿಕೊಂಡೆ. ನಕ್ಷೆ ಕಚೇರಿಯಲ್ಲಿ ಇಷ್ಟು ವರ್ಷ ಗೆರೆ ಎಳೆದಿದ್ದೇನೆ, ಯಾವುದಕ್ಕೂ ಇಷ್ಟು ಜೋಪಾನ ಮಾಡಿರಲಿಲ್ಲ.

ಹೆಂಡತಿ ಚಹಾ ತಂದಳು. ನೆಲದ ಮೇಲಿನ ನೀಲಿ ಪುಡಿ ನೋಡುತ್ತ ನಿಂತಳು.

“ಅಪ್ಪನ ನೀಲಿ ಪೂರ್ತಿ ಹೋಯ್ತಾ?”

“ಅಡಿಯಲ್ಲಿ ಹಸಿರು ಸಿಕ್ಕಿತು, ನೋಡು.”

“ಹಸಿರು ಯಾರದ್ದು?”

“ಮೂಲದ್ದು.”

ಲೋಟ ತೆಗೆದುಕೊಂಡು ಹೋದಳು. ಇನ್ನೂ ಅರ್ಧ ಚಹಾ ಇತ್ತು ಅದರಲ್ಲಿ.

ಏಪ್ರಿಲ್ 14, ಭಾನುವಾರ

ಎಡಬಾಗಿಲ ಕೆಳಗೆ, ಫುಟ್‌ಬೋರ್ಡಿಗಿಂತಲೂ ಕೆಳಗೆ, ಒಂದು ಮೆಟ್ಟಿಲು ಬೆಸೆದಿದ್ದಾರೆ. ಕಬ್ಬಿಣದ ಪಟ್ಟಿ ಬಗ್ಗಿಸಿ, ಮೇಲೊಂದು ಗೀರುಗಳ ತಗಡು. ಒಂದು ಬದಿ ಸೊಟ್ಟ. ಬೆಸುಗೆ ಉಗುಳಿದ ಹಾಗಿದೆ. ಕೈಪಿಡಿಯಲ್ಲಿ ಇಲ್ಲ. ಬಲಬದಿಯಲ್ಲೂ ಇಲ್ಲ.

ಮೆಕ್ಯಾನಿಕ್ ಬಂದಿದ್ದ. ಎಲ್ಲರಿಗೂ ಅವನು ಗ್ರೀಸ್. ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿದೆ ಎಂದು ತಾನೇ ಹೇಳಿಕೊಳ್ಳುತ್ತಾನೆ.

“ಯಾರೋ ಕುಳ್ಳ ಸಿಪಾಯಿಗೆ ಮಾಡ್ಸಿದ್ದಾರೆ ಸಾರ್. ಪಾಪ, ಯುದ್ಧ ಮುಗಿಯೋವರೆಗೂ ಹತ್ತೋಕಾಗದೆ ಕೆಳಗೇ ನಿಂತಿದ್ದನೇನೋ.”

ನಕ್ಕೆವು. ಕಬ್ಬಿಣ ಕೊಯ್ಯುವ ಗ್ರೈಂಡರ್ ನನಗೆ ಕೊಡು ಎಂದೆ. ಮೊದಲ ಸಲ ನಾನೇ ಹಿಡಿದದ್ದು. ಕಿಡಿ ಹಾರಿತು, ಮೆಟ್ಟಿಲು ಬಿತ್ತು. ಕತ್ತರಿಸಿದ ಗುರುತು ಉಜ್ಜಿ ಸಮ ಮಾಡಿದೆ, ಬೆರಳಾಡಿಸಿದರೂ ತಿಳಿಯದು. ತಗಡಿನ ನಡುವೆ ಗೀರುಗಳು ಪೂರಾ ಸವೆದಿದ್ದವು, ಅಂಗೈಯಗಲ ನುಣುಪು. ಗುಜರಿ ರಾಶಿಗೆ ಹಾಕಿದೆ.

ಸಂಜೆ, ಓದುತ್ತಿದ್ದ ಅನುವಾದಿತ ಕಾದಂಬರಿ ಮುಂದುವರಿಸಿದೆ. ಹಿಮ ಬೀಳುವ ಊರಿನ ಒಬ್ಬ ಗಡಿಯಾರ ರಿಪೇರಿಯವನ ಕಥೆ. ಅನುವಾದಕರು ಅಲ್ಲಲ್ಲಿ ತಮ್ಮದೂ ಒಂದೆರಡು ಸಾಲು ಸೇರಿಸಿದ್ದಾರೆ ಎಂಬ ಗುಮಾನಿ. ಮೂಲದಲ್ಲಿ ಇಲ್ಲದ್ದನ್ನು ಸೇರಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ.

ಜುಲೈ 21, ಭಾನುವಾರ

ಎಂಜಿನ್ ಹೊತ್ತಿತು!

ಮೂರು ತಿಂಗಳು ಬರೆಯಲು ಕೈ ಬಿಡುವಾಗಲಿಲ್ಲ. ಕಾರ್ಬ್ಯುರೇಟರು, ನೀರಿನ ಪಂಪು, ವೈರಿಂಗ್… ಇವತ್ತು ಸುಮ್ಮನೆ ಹ್ಯಾಂಡಲ್ ತಿರುಗಿಸಿ ನೋಡಿದ್ದು. ಎರಡು ಸಲ ಕೆಮ್ಮಿ, ಹಿತ್ತಲೆಲ್ಲ ಹೊಗೆ ಮಾಡಿ, ನಿಂತುಹೋಯಿತು. ಮತ್ತೆ ತಿರುಗಿಸಿದಾಗ ಹೊತ್ತಿತು. ಗ್ರೀಸ್ ನನ್ನನ್ನು ತಬ್ಬಿಕೊಂಡ. ಅಂಗಿ ಹೋಯಿತು.

ಅತ್ತೆ ಅಡುಗೆಮನೆಯ ಕಿಟಕಿಯಿಂದ: “ಕೆಮ್ಮು ಅದೇ. ದೊಡ್ಡಣ್ಣ ಎದ್ದರು.”

ಶೆಡ್ಡಿಗೆ ಬರಲು ಹೊರಟವರನ್ನು ನಾನೇ ತಡೆದೆ. ಬಣ್ಣ ಆಗಲಿ ಅತ್ತೆ, ಪೂರ್ತಿ ಆದ ಮೇಲೆ ನೋಡಿ. ಅರ್ಧ ಕೆಲಸ ತೋರಿಸುವುದು ನನಗೆ ಹಿಡಿಸುವುದಿಲ್ಲ.

“ಸರಿ, ಕಾಯ್ತೀನಿ. ಇದರ ಜೊತೆ ಕಾದು ನನಗೆ ಅಭ್ಯಾಸ ಇದೆ.”

ಸೆಪ್ಟೆಂಬರ್ 29, ಭಾನುವಾರ

ಹಸಿರು ಬಳಿದು ಮುಗಿಯಿತು. ಬಿಳಿ ಅಂಕಿಗಳನ್ನು ನಾನೇ ಬರೆದೆ. ಕ್ಲಬ್ಬಿನ ಕರ್ನಲ್ ಬಂದು ನೋಡಿದರು. (ಸೈನ್ಯದ ಮುಖ ಕಂಡವರಲ್ಲ, ಔಷಧಿ ಅಂಗಡಿ ಇದೆ. ಮೀಸೆ ನೋಡಿ ಕರೆಯುವುದು.) ಟಾರ್ಚ್ ಹಿಡಿದು ಅಡಿಗೆಲ್ಲ ನುಸುಳಿದರು.

“ಒಂದು ಬೋಲ್ಟ್ ಹೆಚ್ಚಿಲ್ಲ, ಒಂದು ಬೋಲ್ಟ್ ಕಡಿಮೆ ಇಲ್ಲ. ಈ ಸಲದ ಬಹುಮಾನದ ಕಪ್ ನಿಮ್ಮ ಮನೆ ಷೋಕೇಸಿಗೇ ಬಿಡಿ.”

ಊಟ ಸೇರಲಿಲ್ಲ, ಖುಷಿಗೆ.

ಅಕ್ಟೋಬರ್ 20, ಭಾನುವಾರ. ಸಂಜೆ

ಇದನ್ನು ಆದ ಹಾಗೆಯೇ ಬರೆದಿಡಬೇಕು.

ಲಾರಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದೆ. ಅತ್ತೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿಕೊಂಡು ಬಂದರು. ಲಾರಿಯನ್ನು ನಿಂತು ನೋಡಲಿಲ್ಲ. ನೇರ ಎಡಬದಿಗೆ ನಡೆದರು, ಮನೆಯೊಳಗೆ ಹೋಗುವವರ ಹಾಗೆ. ಹಿಡಿಯ ಮೇಲೆ ಕೈಯಿಟ್ಟರು. ಕೆಳಗೆ ನೋಡದೆಯೇ ಕಾಲೆತ್ತಿದರು.

ಕಾಲು ಗಾಳಿಯಲ್ಲಿ ಹುಡುಕಿತು. ಇಳಿಯಿತು. ಮತ್ತೆ ಎತ್ತಿದರು, ಸ್ವಲ್ಪ ಆಚೆ. ಅಲ್ಲಿಯೂ ಇಲ್ಲ. ಆಗ ಬಗ್ಗಿ ನೋಡಿದರು. ನಾನು ಉಜ್ಜಿ ಸಮ ಮಾಡಿದ ಜಾಗವನ್ನೇ ನೋಡಿದರು, ಏನೂ ಕಾಣದ ಜಾಗವನ್ನು.

ಸ್ಟೂಲ್ ತರಲು ಓಡಿದೆ.

“ಬೇಡ. ಮೊಣಕಾಲು ಯಾಕೋ ಹಿಡ್ಕೊಂಡಿದೆ ಇವತ್ತು. ನೀವಿಬ್ಬರೂ ಹೋಗ್ಬನ್ನಿ.” ಆಮೇಲೆ, ಹೊಸಬರ ಮನೆಯಲ್ಲಿ ಹೇಳುವಂತೆ: “ಚೆನ್ನಾಗಿದೆ. ತುಂಬ ಚೆನ್ನಾಗಿ ಮಾಡಿದ್ದೀರಿ.”

ಒಳಗೆ ಹೋದರು. ಎಂಜಿನ್ ಆರಿಸಿದೆ.

ಇವಳು ಹೇಳಿದಳು, ಬಾಗಿಲಿಗೆ ಒರಗಿಕೊಂಡು. ಇವಳು ಹೊಟ್ಟೆಯಲ್ಲಿದ್ದಾಗ ಅತ್ತೆಗೆ ಹತ್ತಲು ಆಗುತ್ತಿರಲಿಲ್ಲ. ಮನೆಯಲ್ಲಿ ಒಬ್ಬರೇ ಇರಲೂ ಒಪ್ಪಲಿಲ್ಲ. ಮಾವ ಯಾರದೋ ವರ್ಕ್‌ಷಾಪಿನಲ್ಲಿ ಕೂತು ತಾವೇ ಬೆಸೆದರಂತೆ. ಬೆಸುಗೆ ಬರುತ್ತಿರಲಿಲ್ಲ. ಕಣ್ಣು ಊದಿಸಿಕೊಂಡು ಬಂದರು.

“ನನಗೆ ಗೊತ್ತಿರಲಿಲ್ಲ.”

“ನೀವು ಕೇಳಲಿಲ್ಲ.”

“ನೀನಾದರೂ ಹೇಳಬಹುದಿತ್ತು.”

“ಅದು ಹೇಳೋ ಅಂಥ ವಿಷಯ ಅಂತ ನನಗೂ ಅನ್ನಿಸಿರಲಿಲ್ಲ. ಇವತ್ತು ಅಮ್ಮನ ಕಾಲು ನೋಡಿದಾಗ ಅನ್ನಿಸ್ತು.”

ಅಂಗೈಯಗಲ ನುಣುಪು. ನಾನು ಅದನ್ನು ಕಂಡಿದ್ದೆ. ಬರೆದೂ ಇಟ್ಟಿದ್ದೆ. ಏನು ಸವೆಸಿತು ಎಂದು ಯೋಚಿಸಲಿಲ್ಲ.

ಅಕ್ಟೋಬರ್ 22, ಮಂಗಳವಾರ

ಕಚೇರಿಗೆ ರಜೆ. ಗುಜರಿ ಅಂಗಡಿ. ಏಪ್ರಿಲಿನ ಮಾಲು ಏಪ್ರಿಲಿನಲ್ಲೇ ಹೋಗಿದೆ, ಕರಗಿಸುವಲ್ಲಿಗೆ. ಆದರೂ ರಾಶಿಯಲ್ಲಿ ಕೆದಕಿದೆ. ಗ್ರೀಸ್ ಜೊತೆಗಿದ್ದ.

“ಬಿಡಿ ಸಾರ್. ಅದೀಗ ಯಾರ ಮನೆ ಕಿಟಕಿ ಸರಳಾಗಿದೆಯೋ.”

ತಮಾಷೆಗೆ ಅಂದದ್ದು. ನನ್ನ ಮುಖ ನೋಡಿ ಅವನೂ ಕೆದಕತೊಡಗಿದ.

ಅಕ್ಟೋಬರ್ 27, ಭಾನುವಾರ

ಅತ್ತೆಯ ಕೋಣೆಗೆ ಹೋದೆ. ಹಾಗೆ ಹೋಗಿ ಕೂತು ಮಾತಾಡುವ ಅಭ್ಯಾಸ ನನಗಿಲ್ಲ. ಅವರು ಗುಂಡಿ ಹೊಲಿಯುತ್ತಿದ್ದರು. ನನ್ನ ಅಂಗಿಯದೇ.

“ತಪ್ಪಾಯ್ತು ಅತ್ತೆ. ನಿಮ್ಮನ್ನೊಂದು ಮಾತು ಕೇಳಬೇಕಿತ್ತು.”

“ನನಗೇನೂ ಬೇಜಾರಿಲ್ಲ ಅಳಿಯಂದ್ರೇ. ಅದು ಸೈನ್ಯದ್ದೇ ತಾನೇ? ಮಧ್ಯದಲ್ಲಿ ಸ್ವಲ್ಪ ದಿನ ನಮ್ಮ ಹತ್ತಿರ ಇತ್ತು, ಅಷ್ಟೆ.”

ಇದಕ್ಕಿಂತ ಬೈದಿದ್ದರೆ ಆಗುತ್ತಿತ್ತು.

ದಾರ ಕಚ್ಚಿ ಕಡಿದರು. ಆಮೇಲೆ ತಾವಾಗಿಯೇ, ಸ್ವಲ್ಪ ನಗುತ್ತ: “ನಿಮಗೊಂದು ಹೇಳ್ತೀನಿ, ಅವಳಿಗೆ ಹೇಳ್ಬೇಡಿ. ಆ ಮೆಟ್ಟಿಲ ಮೇಲೆ ನನಗೆ ಕೋಪವೂ ಇತ್ತು. ಅದು ಬರೋದಕ್ಕೆ ಮುಂಚೆ ಅವರು ಇಳಿದು, ಸುತ್ತಿ ಬಂದು, ಬಾಗಿಲು ಹಿಡಿದು ನನ್ನ ಹತ್ತಿಸ್ತಿದ್ದರು. ಮೆಟ್ಟಿಲು ಹಾಕಿದ ಮೇಲೆ ಬರೋದೇ ಬಿಟ್ಟರು. ಕೂತಲ್ಲಿಂದಲೇ ಹಾರ್ನ್ ಹೊಡೆಯೋರು.”

“ಹೊಸದೊಂದು ಮಾಡಿಸ್ತೀನಿ” ಎಂದೆ.

“ಮೂಲದಲ್ಲಿ ಇಲ್ಲದ್ದು ಇದ್ರೆ ಕಪ್ ತಪ್ಪತ್ತಂತಲ್ಲ. ಬೇಡ. ನಾನು ಇಲ್ಲಿಂದಲೇ ಕೆಮ್ಮು ಕೇಳ್ತೀನಿ.”

ನವೆಂಬರ್ 16, ಶನಿವಾರ

ನಾಳೆ ಪ್ರದರ್ಶನ. ಕರ್ನಲ್ ಎರಡು ಸಲ ಫೋನ್ ಮಾಡಿದರು. ಟೈರಿಗೆ ಕಪ್ಪು ಹಚ್ಚಿದಿರಾ, ಹಿಂಬದಿಗೆ ಸೈನ್ಯದ ಬಕೆಟ್ ತೂಗು ಹಾಕಿದಿರಾ. ಹೂಂ ಎಂದೆ.

ಈ ಎರಡು ವಾರ ಮೆಟ್ಟಿಲಿನ ನಕ್ಷೆ ಬರೆದು ಬರೆದು ಹರಿದಿದ್ದೇನೆ. ಎಷ್ಟು ಬರೆದರೂ ನೆಟ್ಟಗೇ ಬರುತ್ತದೆ. ಸೊಟ್ಟ ಬರೆಯಲು ಕೈ ಬಾರದು. ಬೇಕೆಂದೇ ಸೊಟ್ಟ ಮಾಡಿದರೆ ಅದು ನಾಟಕ. ಹಳೆಯದನ್ನು ನಾನು ಮತ್ತೆ ಮಾಡಲಾರೆ. ಅದು ಹೋಯಿತು, ಕಳೆದದ್ದು ನಾನು.

ಕಾದಂಬರಿಯನ್ನು ಅರ್ಧಕ್ಕೇ ನಿಲ್ಲಿಸಿದ್ದೆ, ಇವತ್ತು ಮುಗಿಸಿದೆ. ಮೂಲ ಯಾವುದು, ಸೇರಿಸಿದ್ದು ಯಾವುದು ಎಂದು ಈ ಸಲ ಹುಡುಕಲಿಲ್ಲ.

ಶೆಡ್ಡಿಗೆ ಹೋಗಿ ಎಡಬಾಗಿಲ ಎದುರು ಕೂತಿದ್ದೆ. ಒಳ್ಳೆಯ ಹಸಿರು. ಯಾರದೂ ಅಲ್ಲದ ಹಸಿರು.

ತೀರ್ಮಾನ: ನಾಳೆ ಪ್ರದರ್ಶನಕ್ಕೆ ಹೋಗುವುದಿಲ್ಲ. ಬೆಳಿಗ್ಗೆ ಕರ್ನಲ್‌ಗೆ ತಿಳಿಸುವುದು. ಗ್ರೀಸ್‌ನ ವೆಲ್ಡಿಂಗ್ ಸೆಟ್ ತರುವುದು. ಬೆಸುಗೆ ನಾನೇ ಹಾಕುವುದು. ನನಗೂ ಬರುವುದಿಲ್ಲ, ಹೇಗೆ ಬಂದರೆ ಹಾಗೆ.

ಎತ್ತರ ಎಷ್ಟಿಡಬೇಕು? ಈ ಲಾರಿಯ ಪ್ರತಿ ಬೋಲ್ಟಿನ ಅಳತೆ ನನ್ನಲ್ಲಿದೆ. ಅದೊಂದನ್ನು ಅಳೆಯದೆ ಕತ್ತರಿಸಿದೆ. ಅತ್ತೆಯನ್ನೇ ಕರೆಯಬೇಕು. ಬೇಡ ಅಂದರೆ ಮತ್ತೆ ಕರೆಯಬೇಕು. ನಾನು ಸುತ್ತಿ ಬಂದು ಬಾಗಿಲು ಹಿಡಿದು ನಿಂತು, “ಕಾಲು ಎತ್ತಿ ಅತ್ತೆ, ಎಲ್ಲಿಗೆ ಬರುತ್ತದೋ ಅಲ್ಲಿ ಗೆರೆ ಎಳೀತೀನಿ” ಎನ್ನಬೇಕು.