ನೀರಿದ್ದ ಬಾವಿಗೆ ಮಣ್ಣು

ಭದ್ರಾವತಿ
೧೪ ಮೇ ೧೯೬೧

ಶಿವಮೊಗ್ಗದ ಹೊಸಮನೆಯ ನನ್ನ ಅವ್ವನಿಗೆ, ಮಗಳು ಜಗದಾಂಬಾಳ ನಮಸ್ಕಾರ.

ನಾವೆಲ್ಲ ಆರೋಗ್ಯವಾಗಿದ್ದೇವೆ. ಕ್ಷೇಮ ಅಂತ ಬರೆಯೋಕೆ ಮಾತ್ರ ಕೈ ಬರುತ್ತಿಲ್ಲ. ಇಷ್ಟು ದಿನ ಯಾಕೆ ಕಾಗದ ಹಾಕಲಿಲ್ಲ ಅಂತ ಬೈಯಬೇಡ. ಆ ಲಾರಿ ಬಂದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ.

ನನ್ನನ್ನು ಈ ಮನೆಗೆ ಕೊಡುವಾಗ ನೀನು ಎಷ್ಟು ಹಿಗ್ಗಿದ್ದೆ! ಹಿತ್ತಲಲ್ಲೇ ಎಂದೂ ಬತ್ತದ ಬಾವಿ ಇದೆ, ನನ್ನ ಮಗಳು ಬೀದಿಯಲ್ಲಿ ಕೊಡ ಹಿಡಿದು ನಿಲ್ಲೋದು ತಪ್ಪಿತು ಅಂದಿದ್ದೆ. ಈ ಬೇಸಿಗೆಯಲ್ಲಿ ಅದರ ಬೆಲೆ ಗೊತ್ತಾಯಿತು. ಊರಿಗೆ ನೀರು ಹತ್ತಿಸುವ ಪಂಪು ಕೆಟ್ಟು, ಬೀದಿ ನಲ್ಲಿಯಲ್ಲಿ ದಾರದ ಹಾಗೆ ಬರುತ್ತಿತ್ತು. ನಮ್ಮ ಬಾವಿಯಲ್ಲಿ ಮಾತ್ರ ತಿಳಿನೀರು.

ಹೋದ ತಿಂಗಳು ನೀರಿನ ಅಧಿಕಾರಿಯೊಬ್ಬರು ಬಂದು, ಪಂಪು ರಿಪೇರಿ ಆಗೋವರೆಗೆ ಸುತ್ತಲಿನವರಿಗೆಲ್ಲ ಸೇದೋಕೆ ಬಿಡಿ ಅಂತ ಕೇಳಿಕೊಂಡರು. ಮಾವ ಕಾಫಿ ತರಿಸಿ, ಧಾರಾಳವಾಗಿ ಬರಲಿ ಅಂದರು. ಹಿಂದಿನ ಓಣಿಯ ಹರಿಜನರೂ ಬರ್ತಾರೆ ಅಂತ ಅವರು ಹೇಳಿದ ಮೇಲೆ ಮಾವ ಲೋಟ ಕೆಳಗಿಟ್ಟು ಎದ್ದು ಒಳಗೆ ಹೋದರು.

ಮಾರನೇ ಬೆಳಗ್ಗೆ ಮಣ್ಣಿನ ಲಾರಿ ಬಂತು. ಕಾಂಪೌಂಡಿಗೆ ಇರಬೇಕು ಅಂದುಕೊಂಡೆ. ಅದು ಹಿಂದೆ ಹಿಂದೆ ಸರಿದು ಬಾವಿಯ ಹತ್ತಿರ ನಿಂತಿತು. ಕಟ್ಟೆಯ ಒಂದು ಮಗ್ಗುಲು ಆಗಲೇ ಒಡೆದಿದ್ದರು. ನೋಡನೋಡುತ್ತಿದ್ದಂತೆ ಅಷ್ಟೂ ಮಣ್ಣು ಬಾವಿಯೊಳಗೆ! ನೀರು ಎದ್ದು ಚಿಮ್ಮಿ ನನ್ನ ಮುಖಕ್ಕೆ ಬಿತ್ತು. ಅಷ್ಟರಲ್ಲಿ ಇನ್ನೊಂದು ಲಾರಿ.

"ಅವರ ಕೊಡ ಇಳಿದ ನೀರಲ್ಲಿ ನಾನು ಪೂಜೆ ಮಾಡೋದಾ? ಅದಕ್ಕಿಂತ ಯಾರಿಗೂ ಬೇಡ" ಅಂದರು ಮಾವ. ಇಂಥ ಬೇಸಿಗೆಯಲ್ಲಿ, ಅವ್ವ! ನಿನ್ನ ಅಳಿಯಂದಿರ ಮುಖ ನೋಡಿದೆ. "ಅಪ್ಪ ಹೇಳಿದ ಮೇಲೆ ಮುಗೀತು, ಒಳಗೆ ಹೋಗು" ಅಂದುಬಿಟ್ಟರು. ನಾನು ಮದುವೆಯಾದದ್ದು ಇವರನ್ನೇನಾ ಅನ್ನಿಸಿತು.

ನಮ್ಮ ಅತ್ತೆ ವೀರಮ್ಮನವರು ಸೇದೋಕೆ ಅಂತ ಬಂದವರು ಹಗ್ಗ ಕೈಯಲ್ಲಿ ಹಿಡಿದೇ ನಿಂತಿದ್ದರು. ವರ್ಷ ವರ್ಷ ಆ ಬಾವಿಗೆ ಅರಿಶಿನ ಕುಂಕುಮ ಇಟ್ಟು ಗಂಗಮ್ಮನ ಪೂಜೆ ಮಾಡಿದ ಕೈ ಅದು. ಮಾವನಿಗೆ ಎದುರಾಡಿದವರೇ ಅಲ್ಲ ಅವರು. ಸಂಜೆ ಖಾಲಿ ಕೊಡ ತಂದು ಮಾವನ ಮುಂದೆ ಇಟ್ಟರು. "ಪೂಜೆಗೆ ನೀರು ನೀವೇ ತನ್ನಿ. ನಾನಂತೂ ಬೀದಿಗೆ ಹೋಗಲ್ಲ" ಅಂದರು. ನಾವೆಲ್ಲ ದಂಗಾದೆವು.

ಮಾವ ಕೊಡ ಹಿಡಿದು ಹೋದರು, ಅವ್ವ. ನಲ್ಲಿ ಸಾಲಿನಲ್ಲಿ ಯಾರೂ ಜಾಗ ಬಿಡಲಿಲ್ಲವಂತೆ. ಅವರ ಸರದಿ ಬರೋ ಮೊದಲೇ ನೀರು ನಿಂತಿತು. ಬರಿಗೊಡ ತಂದ ಮಾವ ಸಿಟ್ಟಿನಲ್ಲಿ ಎತ್ತಿನಗಾಡಿಗೆ ಹೇಳಿ, ಹೊಳೆಯಿಂದ ಪೀಪಾಯಿಯಲ್ಲಿ ನಮ್ಮೊಬ್ಬರ ಮನೆಗೆ ನೀರು ತರಿಸಿದರು. ಬೀದಿ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಆ ನೀರು ಕುಡಿಯೋಕೆ ನನಗೆ ನಾಚಿಕೆಯಾಯಿತು.

ಎರಡು ದಿನ ಬಿಟ್ಟು ಹಿಂದಿನ ಓಣಿಯ ಕಲ್ಲಪ್ಪ, ಕಾಳಮ್ಮ, ಇನ್ನೂ ಹತ್ತಾರು ಜನ ಗುದ್ದಲಿ ಬುಟ್ಟಿ ಹಿಡಿದು ಹಿತ್ತಲ ಬಾಗಿಲಿಗೆ ಬಂದರು. ಮಾವ ಕೋಲು ಹಿಡಿದು ಎದ್ದರು. ಅತ್ತೆ ಅಡ್ಡ ನಿಂತು, "ಮೊದಲು ನನಗೆ ಹೊಡೀರಿ" ಅಂದರು. ಆಮೇಲೆ ಬಂದವರ ಕಡೆ ತಿರುಗಿ, "ಮಣ್ಣು ತೆಗೀರಪ್ಪ. ನೀರು ಸಿಕ್ಕಿದ್ರೆ ನಿಮಗೂ ಹೌದು, ನಮಗೂ ಹೌದು" ಅಂದರು. ಮಾವ ಕೋಲು ಎಸೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಿನ್ನ ಅಳಿಯಂದಿರು ತುಂಬಾ ಹೊತ್ತು ಜಗಲಿಯಲ್ಲಿ ಕೂತಿದ್ದು, ಕೊನೆಗೆ ಎದ್ದು ಬಂದು ಬುಟ್ಟಿ ಹಿಡಿದರು.

ದಿನಾ ಅಗೆದರು. ಮೊನ್ನೆ ಬುಟ್ಟಿಯಲ್ಲಿ ಕೆಸರು ಬಂತು. ನಿನ್ನೆ ತಳದಲ್ಲಿ ನೀರು ಜಿನುಗಿ ನಿಂತಿತು. ಇನ್ನೂ ಕದಡಿದೆ, ಶೋಧಿಸಿ ಕಾಯಿಸಿ ಕುಡಿಯಬೇಕು. ಮೊದಲ ಕೊಡ ಅತ್ತೆ ಸೇದಿದರು, ಎರಡನೆಯದು ಕಾಳಮ್ಮ, ಅದೇ ಹಗ್ಗದಲ್ಲಿ.

ಅಪ್ಪನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಮಗಳು,
ಜಗದಾಂಬಾ

ಮತ್ತೆ: ಮಾವ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟರು. ಈ ಕಾಗದಕ್ಕಿಂತ ಮೊದಲೇ ನಿಮ್ಮಲ್ಲಿಗೆ ಬರುತ್ತಾರೆ. ಓಣಿಗೆ ಹೋಗಿ ಆ ಜನರನ್ನು ಕರೆದು ತಂದವಳು ನಿಮ್ಮ ಮಗಳೇ ಅಂತ ಹೇಳುತ್ತಾರೆ. ನಿಜ, ಅವ್ವ. ಕಾಳಮ್ಮ ಕೊಟ್ಟ ನೀರು ಕುಡಿದೇ ಬಂದೆ. ಇದನ್ನು ಓದಿದ ಮೇಲೂ ನನ್ನನ್ನು ನಿನ್ನ ಅಡಿಗೆಮನೆಗೆ ಬಿಡ್ತೀಯೋ ಇಲ್ಲವೋ, ಬರೆದು ತಿಳಿಸು.